ಉಸಿರು ಹಿಡಿ

ತುಂಗಾ ಸೇತುವೆಯ ತಿರುವಿನಲ್ಲಿ ಸ್ಕೂಟರಿನಿಂದ ಬಿದ್ದು
ಬಲಮಣಿಕಟ್ಟು ಊದಿಸಿಕೊಂಡು ಬಂದ ಸಬೀಹಾ ಮೇಡಂ
ಚಿತ್ರ ಬರುವ ತನಕ ಎಡಗೈಯಲ್ಲಿ ಫೋನು ತೆಗೆದು ತೋರಿಸಿದರು:
ಇದೂ ಎಕ್ಸ್‌ರೇನೇ, ಫಿಲೋಮಿನಾ. ಹೇಳು, ಏನು ಕಾಣುತ್ತೆ?

ಇಪ್ಪತ್ತೆರಡು ವರ್ಷ ಎದೆಗೂಡು ನೋಡಿದ ಕಣ್ಣು ನನ್ನದು.
ಎಡ ಶ್ವಾಸಕೋಶದಲ್ಲಿ ನೀರು, ಅಂದೆ.
ನಗಲು ಹೋಗಿ ನೋವಿಗೆ ಮುಖ ಹಿಂಡಿದರು.

ಗೆಲಾಕ್ಸಿಗಳ ಎರಡು ದೊಡ್ಡ ಗುಂಪುಗಳಂತೆ,
ಡಿಕ್ಕಿ ಹೊಡೆದು ಹತ್ತಿಪ್ಪತ್ತು ಕೋಟಿ ವರ್ಷ.
ಗಾಯ ಇನ್ನೂ ಹಸಿ.
ಇಲ್ಲಿ ನಾವು ಕಿರಣ ಹಾಯಿಸುತ್ತೇವೆ;
ಅಲ್ಲಿ ರೋಗಿಯೇ ಹೊಳೆಯುವುದು,
ಹತ್ತು ಕೋಟಿ ಡಿಗ್ರಿ ಜ್ವರದಲ್ಲಿ.
ಬಂದ ಬೆಳಕನ್ನು ಹನಿಹನಿಯಾಗಿ ಎಣಿಸುತ್ತ
ಐದು ಲಕ್ಷ ಸೆಕೆಂಡು ಕಾಯಬೇಕಂತೆ.
ಅಷ್ಟು ಹೊತ್ತು ಅದಕ್ಕೆ ಉಸಿರು ಹಿಡಿ ಅನ್ನುವವರು ಯಾರು?

ನಕ್ಷತ್ರಕ್ಕೆ ನಕ್ಷತ್ರ ತಾಗುವುದೇ ಇಲ್ಲ, ಅಂದರು.
ಬಸ್‌ಸ್ಟ್ಯಾಂಡಿನಲ್ಲಿ ಸಾಗರದಿಂದ ಇಳಿದವರು
ತೀರ್ಥಹಳ್ಳಿಗೆ ಹತ್ತುವವರ ನಡುವೆ ನುಸುಳಿದ ಹಾಗೆ
ಹಾದು ಹೋಗುತ್ತವೆ.
ನಡುವೆ ಇದ್ದ ಅನಿಲ ಮಾತ್ರ ಅನಿಲಕ್ಕೆ ಬಡಿದು
ಕಾದು, ತಡವಾಗಿ, ಹಿಂದೆ ಉಳಿಯುತ್ತದೆ.

ಅದು ನನಗೆ ಗೊತ್ತು.
ನಲವತ್ತೊಂದಕ್ಕೆ ಎರಡನೇ ಸಲ ಮದುವೆಯಾದವಳು ನಾನು.
ಇನಾಸನ ಇಬ್ಬರು ಹುಡುಗರು, ನನ್ನ ಗ್ಲೆನಿಟಾ,
ವಿನೋಬನಗರದಲ್ಲಿ ಎರಡು ಕೋಣೆ.
ಮೂರು ವರ್ಷ ಮಕ್ಕಳು ಭುಜಕ್ಕೆ ಭುಜ ತಾಗದಂತೆ ಓಡಾಡಿದರು.
ತಾಗಿದ್ದು ನಡುವಿನದು:
ಟಿವಿಯ ಸದ್ದು, ಬಂಗಡೆ ಹುರಿದ ಹೊಗೆ,
ಯಾರ ಟವಲಿಗೆ ಯಾರು ಮುಖ ಒರೆಸಿದರೆಂಬ ಜಗಳ.
ಅದು ಕಾದು ಕಾದು ಅಡುಗೆಮನೆಯಲ್ಲೇ ನಿಂತುಬಿಟ್ಟಿತು.
ಈಗ ಅದಕ್ಕೇ ಮನೆ ಅನ್ನುತ್ತೇವೆ.

ಇನ್ನೊಂದಿದೆ, ಅಂದರು ಮೇಡಂ, ಎಲ್ಲಕ್ಕಿಂತ ಭಾರದ್ದು.
ಯಾವ ಪ್ಲೇಟಿಗೂ ಸಿಗದು. ಯಾರಿಗೂ ತಾಗದೆ
ಮುಂದೆ ಹೋಗಿಬಿಟ್ಟಿದೆ.
ಹಿಂದಿನಿಂದ ಬರುವ ಬೆಳಕು ಬಾಗಿದ್ದು ನೋಡಿ
ಇದೆ ಅಂತ ತಿಳಿಯಬೇಕು.

ನಾನು ಮಾತಾಡಲಿಲ್ಲ.
ನನ್ನ ಮೊದಲ ಗಂಡ. ಇನಾಸನ ಮೊದಲ ಹೆಂಡತಿ.
ಗೋಡೆಯ ಮೇಲೆ ಇಬ್ಬರ ಫೋಟೋನೂ ಇಲ್ಲ.
ಆದರೂ ಕಿರಿಯವನು ನನ್ನನ್ನು ಕರೆಯುವಾಗ
ಅಮ್‌ ಅಂತ ಶುರುಮಾಡಿ
ಆಂಟಿ ಅಂತ ಬಾಗುತ್ತಾನೆ.

ಪರದೆಯ ಮೇಲೆ ಮಣಿಕಟ್ಟು ಬಂತು. ಕೂದಲೆಳೆಯ ಬಿರುಕು.
ನಾನು ಹೇಳಬಾರದು, ಡಾಕ್ಟರು ಹೇಳಬೇಕು;
ಆದರೂ ಅಂದೆ: ಆರು ವಾರ. ಕೂಡುತ್ತದೆ.
ಅದು? ಅಂತ ಅವರ ಫೋನು ತೋರಿಸಿದೆ.
ಕೂಡ್ತಾ ಇದೆ, ಅಂದರು.

ಮುಂದಿನವನು ಭದ್ರಾವತಿಯ ಲಾರಿ ಕ್ಲೀನರು,
ಅಂಗಿ ಬಿಚ್ಚಿ ನಡುಗುತ್ತ ನಿಂತಿದ್ದ.
ಗದ್ದ ಮೇಲೆ. ಉಸಿರು ಹಿಡಿ.
ಇನ್ನೂ ಬಿಡಬೇಡ.