ಎಡಗೈ

ಉಸಗಾಂವದ ತಿಸ್ಕಿನಲ್ಲಿ, ಅದಿರಿನ ಕೆಂಪು ಇನ್ನೂ ಬಿಡದ ಶೆಡ್ಡು.
ಲಾಡಸಾಬ ಸ್ಕ್ರೂಡ್ರೈವರಿನ ತುದಿ ಗೇರ್‌ಬಾಕ್ಸಿಗೆ ಒತ್ತಿ
ಹಿಡಿಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚಿದ.
"ಕ್ಲಚ್ ಒತ್ತು. ಬಿಡು. ಮತ್ತ ಒತ್ತು."
ಒತ್ತಿದರೆ ಸುಮ್ಮನೆ, ಬಿಟ್ಟರೆ ನರಳುವುದು.

ಮಾಲಕ ಪುಂಡಲೀಕ ಗಾಂವಕರ ಬೇರೆಯೇ ಗುಂಗಿನಲ್ಲಿದ್ದ:
ಟರ್ಬೊ ಕೂರಿಸಿದರೆ ಎಷ್ಟು, ದೊಡ್ಡ ಪಂಪಿಗೆ ಎಷ್ಟು,
ಅನಮೋಡ ಘಾಟು ಎರಡಕ್ಕಿಳಿಯದೆ ಹತ್ತೀತೆ?
ಸಿಗರೇಟು ಪಾಕೀಟಿನ ಮೇಲೆ ಬರೆಯುತ್ತಲೇ ಇದ್ದ.
"ಸಾವ್ಕಾರ್ರ, ಹೊಸ ಎತ್ತು ಕಟ್ಟೋಣಂತ,
ಮೊದಲ ನೊಗ ನೋಡೂಣು," ಅಂದ ಸಾಬ, ಕಣ್ಣು ತೆರೆಯದೆ.

ಎಣ್ಣೆ ಬಸಿದಾಗ ಬೋಗುಣಿಯ ತಳದಲ್ಲಿ
ಹಿತ್ತಾಳೆಯ ಪುಡಿ, ಅರಿಸಿನದ ಹಾಗೆ.
ಮುಚ್ಚಳ ಬಿಚ್ಚಿ, ಮೂರನೇ ಗೇರಿನ ಫೋರ್ಕು ತೆಗೆದು
ನನ್ನ ಅಂಗೈಯಲ್ಲಿಟ್ಟ. ಒಂದು ಮಗ್ಗುಲು ಸವೆದು
ಹಳೇ ಕುಡಗೋಲಿನ ಅಲಗು.
"ಇದು ಗಾಡಿದ ತಪ್ಪಲ್ಲೋ. ನಿನ್ನ ಎಡಗೈದು."

ಹೌದು.
ಆರು ವರ್ಷದಿಂದ ಇಳಿಜಾರು ಬಂದರೆ ಮೂರನೆಯದು ಜಾರುತ್ತಿತ್ತು,
ನಾನು ಹಿಡಿದೇ ಇರುತ್ತಿದ್ದೆ,
ಬೀಡಿ ಆರಿದರೂ, ಬೆವರು ಕಣ್ಣಿಗಿಳಿದರೂ.
ಸವೆದದ್ದಕ್ಕೆ ಹಿಡಿದೆನೋ, ಹಿಡಿದದ್ದಕ್ಕೆ ಸವೆಯಿತೋ
ಸಾಬನೂ ಹೇಳಲಿಲ್ಲ. ಚಹಾ ತರಿಸಿದ.

ಪಾಕೀಟಿನಲ್ಲಿ ಟರ್ಬೊ ಕೆಳಗಿಳಿಯಿತು.
ಮೇಲೆ: ಫೋರ್ಕು, ಬೇರಿಂಗು, ಹಿತ್ತಾಳೆ ಬಳೆ ಎರಡು.
"ಮಳೆಗಾಲ ಕಳೀಲಿ, ಆಮ್ಯಾಲೆ ಎಂಜಿನ್ನು," ಅಂದ ಗಾಂವಕರ,
ಮದುವೆ ಮುಂದಕ್ಕೆ ಹಾಕಿದವನ ಮುಖ ಮಾಡಿ.

ಸೋಮವಾರ ಚಿರೆಕಲ್ಲು ಹೇರಿ ಬೋರಿ ಸೇತುವೆಯತ್ತ ಇಳಿದೆ.
ಮೂರನೆಯದು ತನ್ನಷ್ಟಕ್ಕೆ ತಾನು ನಿಂತಿತ್ತು.
ಎಡಗೈಯನ್ನು ತೊಡೆಯ ಮೇಲಿಟ್ಟೆ,
ಸ್ಟೇರಿಂಗಿಗೆ ಕೊಟ್ಟೆ,
ನದಿ ದಾಟುವ ತನಕ
ಅದಕ್ಕೊಂದು ಕೆಲಸ ತೋಚಲಿಲ್ಲ.