ಮೀಟರಿನ ಗಾಜು

ಚೀಲದಲ್ಲಿ ಇಷ್ಟಿರುತ್ತದೆ:
ರಸೀದಿ ಪುಸ್ತಕ, ಟಾರ್ಚು,
ನಾಯಿಗಳ ಬಾಯಿ ಮುಚ್ಚಿಸಲು ಒಣ ರೊಟ್ಟಿಯ ಚೂರು,
ಎಲ್ಲದರ ತಳದಲ್ಲಿ ಅಪ್ಪನ ಸ್ಮೆನಾ ಕ್ಯಾಮೆರಾ.
ಸಾಬೂನು ಡಬ್ಬಿಯಷ್ಟು ಹಗುರ.
ಪಟ್ಟಿ ಹರಿದ ಮೇಲೆ ಬೂಟಿನ ಲೇಸು ಕಟ್ಟಿದ್ದೇನೆ.

ಕುತಾಯಿಸಿಯ ಏಳು ಬೀದಿಗಳ ಗ್ಯಾಸು ನನ್ನ ಲೆಕ್ಕ.
ಯಾರ ಒಲೆ ಎಷ್ಟು ಉರಿಯಿತು, ಯಾರದು ಉರಿಯಲೇ ಇಲ್ಲ,
ಬಾಗಿಲು ತಟ್ಟದೆ ಹೇಳಬಲ್ಲೆ.
"ತ್ಸಿಯಾಲಾ ಬಂದಳು" ಎನ್ನುತ್ತಾರೆ ಮಹಡಿಯಿಂದ,
ಮಳೆ ಬಂತು ಅನ್ನುವ ಹಾಗೆ,
ಒಣಹಾಕಿದ್ದನ್ನು ಒಳಗೆ ತರುವ ಹಾಗೆ.

ದಿನಾ ಯಾಕೆ ಹೊರುತ್ತೀ ಅದನ್ನ, ತಂಗಿ ಕೇಳುತ್ತಾಳೆ,
ಫೋನಿದೆಯಲ್ಲ.
ಇದೆ. ಫೋನು ಸಿಕ್ಕಿದ್ದೆಲ್ಲ ನುಂಗುತ್ತದೆ, ತೇಗುವುದೂ ಇಲ್ಲ.
ಇದು ಹಲ್ಲಿಲ್ಲದ ಅತ್ತೆಯಂತೆ,
ಒಂದು ರೀಲಿಗೆ ಮೂವತ್ತಾರೇ ತುತ್ತು.
ಪ್ರತಿ ತುತ್ತಿಗೂ ಕೇಳುತ್ತದೆ:
ಬೇಕಾ? ನಿಜವಾಗಿ ಬೇಕಾ?

ಹಾಗಾಗಿ ತೆಗೆದದ್ದಕ್ಕಿಂತ ಬಿಟ್ಟದ್ದೇ ಹೆಚ್ಚು.
ಬಿಳಿ ಸೇತುವೆಯ ಕಂಬಿಗೆ ಹೊಟ್ಟೆ ಒತ್ತಿ ನಿಂತು
ರಿಯೋನಿ ನದಿಗೆ ಚೆರ್ರಿ ಬೀಜ ಉಗುಳುತ್ತಿದ್ದ
ಇಬ್ಬರು ಪೊಲೀಸರು, ಯಾರದು ದೂರ ಎಂಬ ಪಂಥದಲ್ಲಿ.
ಬೆನ್ನ ಮೇಲೆ ಬಾಗಿಲು ಹೊತ್ತು ಮಾರುಕಟ್ಟೆ ದಾಟುತ್ತಿದ್ದವನು,
ಹಿಂದಿನಿಂದ ಅದನ್ನು ತಟ್ಟಿ ಓಡಿದ ಹುಡುಗ,
"ಯಾರು?" ಎಂದು ಅವನು ಕೇಳಿಯೂ ಬಿಟ್ಟ.
ಕೈ ಚೀಲದೊಳಗೆ ಹೋಗಿ ಬರುವಷ್ಟರಲ್ಲಿ ಎಲ್ಲ ಕರಗಿತ್ತು.
ಆದರೂ ಅದು ಹೆಗಲಿಗಿತ್ತೆಂದೇ ಕಂಡೆ.
ಇಲ್ಲದಿದ್ದರೆ ನಾನು ಗೋಡೆಗಳನ್ನೇ ನೋಡುತ್ತ ನಡೆವವಳು,
ಗೋಡೆಗಳಲ್ಲಿ ಅಂಕಿ ಹುಡುಕುವವಳು.

ವರ್ಲಾಮನದು ತಿಂಗಳು ತಿಂಗಳೂ ಜಗಳ.
"ಇಷ್ಟು ಗ್ಯಾಸು ನಾನೇನು ಕುಡಿದೆನಾ?
ತೆಗೆ ನಿನ್ನ ಕ್ಯಾಮೆರಾ. ಹಿಡಿ ಈ ಸುಳ್ಳನನ್ನ.
ಕೋರ್ಟಿಗೆ ಸಾಕ್ಷಿ ಬೇಕು ನನಗೆ."
ಫೆಬ್ರವರಿ. ಅಂಗಳದ ದ್ರಾಕ್ಷಿ ಬರೀ ಕಡ್ಡಿ.
ನನ್ನ ಹೆಗಲ ಹಿಂದೆಯೇ ಅವನು, ಬೆಳ್ಳುಳ್ಳಿಯ ಉಸಿರು.
ಒತ್ತಿದೆ.
ಒಂದು ತುತ್ತು ಹಾಳಾಯಿತು ಅಂದುಕೊಂಡು
ಗೇಟು ಎಳೆದುಕೊಂಡು ಹೋದೆ.

ಅಕ್ಟೋಬರಿನಲ್ಲಿ ಅದೇ ಗೇಟಿಗೆ ಕಪ್ಪು ಬಟ್ಟೆ.

ಒಂಬತ್ತನೆಯ ದಿನಕ್ಕೋ ಹತ್ತಕ್ಕೋ ಜುಜುನಾ ಬಂದಳು,
ಕೊಡೆ ಮಡಚದೆಯೇ ನಿಂತಳು ಹೊಸ್ತಿಲಲ್ಲಿ.
ಪಾಸ್‌ಪೋರ್ಟಿನದೊಂದೇ ಇದೆ,
ಅದರಲ್ಲಿ ಯಾರಿಗೋ ಹೆದರಿದವನ ಹಾಗಿದ್ದಾನೆ,
ಅವನು ಯಾರಿಗೆ ಹೆದರಿದ್ದ ಹೇಳು?
ನೀನು ಕ್ಯಾಮೆರಾ ಹೊತ್ತು ತಿರುಗುವವಳು. ಹುಡುಕು.

ಹುಡುಕಿದೆ. ಆ ಬೀದಿಯ ಬೆಕ್ಕುಗಳಿದ್ದವು.
ಹಗ್ಗದ ಮೇಲೆ ಅವನ ಅಂಗಿಗಳಿದ್ದವು, ತೋಳು ಬೀಸುತ್ತ.
ಅವನ ನಾಯಿ ಎರಡು ಸಲ.
ಅವನು ಇರಲಿಲ್ಲ. ನಾಚಿಕೆಯಾಯಿತು.

ಸ್ಟುಡಿಯೋದ ಓತಿಯಾ, ಬೆರಳು ಹಳದಿಗಟ್ಟಿದ ಮುದುಕ,
ಮೀಟರಿನ ಚಿತ್ರವನ್ನು ದೀಪಕ್ಕೆ ಹಿಡಿದು "ತಡಿ" ಅಂದ.
ದೊಡ್ಡದು ಮಾಡಿದ. ಮತ್ತೂ ದೊಡ್ಡದು.
ರವೆಯಂಥ ಕಾಳು ಕಾಳಿನ ನಡುವೆ, ಗಾಜಿನೊಳಗೆ,
ನೆತ್ತಿಯ ಮೇಲೆ ನಾಲ್ಕು ಸಾವಿರದ ನಾನೂರ ಹದಿನೇಳು ಹೊತ್ತು
ಬಾಯಿ ತೆರೆದು, ಬೆರಳೆತ್ತಿ
ವರ್ಲಾಮ್.
ಪಕ್ಕದಲ್ಲಿ ಅರ್ಧ ನಾನು,
ಕಣ್ಣಿದ್ದಲ್ಲಿ ಒಂದು ಕಪ್ಪು ತೂತು.

ಜುಜುನಾ ಮುಟ್ಟಲಿಲ್ಲ. ನೋಡಿದಳು. ಕನ್ನಡಕ ಒರೆಸಿ ಮತ್ತೆ ನೋಡಿದಳು.
"ಇವನೇ," ಅಂದಳು.
ಆಮೇಲೆ, ಓತಿಯಾ ಹಣ ಎಣಿಸುತ್ತಿದ್ದಾಗ, ನನಗೊಬ್ಬಳಿಗೆ:
"ಆ ಗ್ಯಾಸು ಉರಿಸಿದ್ದು ನಾನು.
ಅವನು ಕೆಲಸಕ್ಕೆ ಹೋದ ಮೇಲೆ ಬಾಗಿಲು ಹಾಕಿಕೊಂಡು
ನಾಲ್ಕೂ ಉರಿ ಹಚ್ಚಿ ಸುಮ್ಮನೆ ಕೂರುತ್ತಿದ್ದೆ, ಕೈ ಚಾಚಿ.
ಹೇಳಲೇ ಇಲ್ಲ."

ಈಗ ಒಲೆಯ ಮೇಲಿನ ಗೋಡೆಯಲ್ಲಿ ತೂಗುತ್ತಾನೆ,
ಬೆರಳೆತ್ತಿ ಬೈಯುತ್ತಲೇ.
ಕೆಳಗೆ ನಾಲ್ಕೂ ಉರಿ, ಹಾಡುಹಗಲು, ಬಾಗಿಲು ತೆರೆದೇ.
ಈ ಸಲ ಜಾಸ್ತಿ ಬಂದಿದೆ ಜುಜುನಾ, ಅಂದೆ.
ಬರಲಿ, ಅಂದಳು. ಕೂತ್ಕೋ, ಕೈ ಕಾಯಿಸಿಕೋ.

ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೆ.
ರೀಲಿನಲ್ಲಿ ಇನ್ನು ಹನ್ನೊಂದು ಉಳಿದಿದ್ದವು.