ಮೂವತ್ತೇಳರ ಮ್ಯಾಲ

ಲಾಡ್ಲೇಸಾಬನ ಡೈರಿ ನನ್ನ ಕೈಗೆ ಬಂದದ.
ಅವನ ಮಗಳು ಹಾಜರಾಬಿ ಕೊಟ್ಟಾಳ, ರಬ್ಬರ್ ಪಟ್ಟಿ ಹಾಕಿ.
ಬಲಗಡಿ ಹಾಳಿಗೆ ಲಗ್ನ:
ಕೆಂಭಾವಿ, ಹದಿನಾಲ್ಕು ಮಂದಿ, ಸಂಚಕಾರ ಎರಡು ಸಾವಿರ,
ಊಟ ಅವರದು, ಗಾಡಿ ನಮ್ಮದು.
ಎಡಗಡಿ ಹಾಳಿಗೆ ಬೋನಾಳ ಕೆರಿ:
ಹೆಬ್ಬಾತು ನಲವತ್ತೊಂದು, ಮಂಜು ಭಾಳ,
ಒಂದು ಕುಂಟತದ.

ಸುರಪುರದಾಗ ಮಂದಿಗೆ ಅವಾ ಬ್ಯಾಂಡಿನವ.
ಕೆಂಪು ಕೋಟು, ಭುಜದ ಮ್ಯಾಲ ಹಿತ್ತಾಳಿ ಗುಂಡಿ,
ಗಲ್ಲ ಉಬ್ಬಿಸಿದರ ಕ್ಲಾರಿನೆಟ್ಟು
ಮುದುಕರನ್ನೂ ಕುಣಸತಿತ್ತು.
ನಾ ಅವನ ಬಾಜೂಕ ಡ್ರಮ್ಮು, ಇಪ್ಪತ್ತಾರು ವರ್ಷ.
ಬರಾತು ಮುಗದು ಊರು ಮಲಗಿದ ಮ್ಯಾಲ
"ಏಳೋ ಸಾಯಬಣ್ಣ, ಎಣಿಕಿ ನಿನಗ ಬರ್ತದ" ಅಂತ
ನಿದ್ದಿಗಣ್ಣಾಗ ಸೈಕಲ್ಲಿನ ಹಿಂದ ಕುಂದ್ರಿಸಿಕೊಂಡು ಹೋಗತಿದ್ದ.

ಚಳಿ. ಜಾಲಿಮುಳ್ಳು. ಕೆರಿ ದಂಡಿಯ ಹಸಿ ವಾಸನಿ.
ತಲಿಮ್ಯಾಲ ಎರಡು ಕರಿ ಪಟ್ಟಿ ಹೊತ್ತ ಹೆಬ್ಬಾತು
ಹಿಮದ ಗುಡ್ಡ ದಾಟಿ ಬಂದು ನಮ್ಮ ಕಡ್ಲಿ ಹೊಲದಾಗ
ಪರಊರಿನ ಬೀಗರಂಗ ಸಾವಕಾಶ ಅಡ್ಡಾಡತಿದ್ದವು.
"ಒಂದು ಬಾರಿಸು ಮಾಮಾ, ಅವೂ ಕೇಳಲಿ" ಅಂದೆ ಒಮ್ಮೆ.
ತುಟಿ ಮ್ಯಾಲ ಬೆರಳು ಇಟ್ಟ.
"ಇದು ಅವರ ಮೈಫಿಲು.
ನಮಗ ಇಲ್ಲಿ ಯಾರು ಸಂಚಕಾರ ಕೊಟ್ಟಾರ?"

ಒಂದು ಆಷಾಢ, ಕುಂಬಾರ ಹುಳ ಬಂದು
ಗೂಟಕ್ಕ ತೂಗಹಾಕಿದ ಕ್ಲಾರಿನೆಟ್ಟಿನ ಬಾಯಾಗ
ಮಣ್ಣಿನ ಮನಿ ಕಟ್ಟಿತು.
ಅವಾ ಮುಟ್ಟಲಿಲ್ಲ, ಯಾರಿಗೂ ಮುಟ್ಟಗೊಡಲಿಲ್ಲ.
"ಹೆಂಗೂ ಲಗ್ನ ಇಲ್ಲ, ಇರಲಿ ಬಾಡಿಗಿಗೆ."
ಹೆಂಡತಿ ಹಣಿ ಬಡಕೊಂಡಳು.
ಶ್ರಾವಣದ ಸುರು ಲಗ್ನಕ್ಕ ಊದಿದಾಗ
ಸ್ವರದ ಸಂಗಾಟ ಜರಾ ಎರಿಮಣ್ಣಿನ ಧೂಳೂ ಬಂತು,
ಮದುಮಗನ ಪೇಟಾದ ಮ್ಯಾಲ.

ಆ ಫೆಬ್ರವರಿ ರಾತ್ರಿ ಮಾತ್ರ ನಾ ಅವನ್ನ ಬೈದೀನಿ.
ಬರಾತು ಅಗಸಿ ಹಂತೇಕ ಬಂದಿತ್ತು,
ಜನರೇಟರ್ ಗಾಡಿ, ದೀಪ ಹೊತ್ತ ಹೆಣ್ಣುಮಕ್ಕಳು,
ಕುದುರಿ ಮ್ಯಾಲ ವರ.
ಮುಂದ ಹುಣಸಿಮರ, ಟೊಂಗಿ ಟೊಂಗಿಗೆ ಬಣ್ಣದ ಕೊಕ್ಕರಿ ಗೂಡು.
ಲಾಡ್ಲೇಸಾಬ ಕ್ಲಾರಿನೆಟ್ಟು ಇಳಿಸಿದ,
ನನ್ನ ಕೋಲು ಗಟ್ಟಿ ಹಿಡದ.
"ಮರಿ ಮಲಗ್ಯಾವ. ಆ ತಿರುವಿನ ತನಕ ಸುಮ್ನ ನಡೀರಿ."
ಹದಿನಾಲ್ಕು ಮಂದಿ ಕೆಂಪು ಕೋಟಿನವರು
ಮಣ್ಣಿಗೆ ಹೊಂಟಂಗ ನಡದೆವು.
ಬೀಗರಿಗೆ ಸಿಟ್ಟು. ಅಪಶಕುನ ಅಂದರು, ಕೊರಳಪಟ್ಟಿ ಹಿಡದರು,
ಐನೂರು ಕಡದರು. ಅದರಾಗ ನನ್ನವೂ ಇದ್ದವು.
ಆ ಸುಮ್ಮನದಾಗ ಮ್ಯಾಲಿಂದ
ಕಟಕಟ ಕಟಕಟ ಅಂತ ಸಪ್ಪಳ.
"ಕೇಳು," ಅಂದ, "ಕೊಕ್ಕರಿಗೆ ದನಿ ಇಲ್ಲ, ನಿನ್ನಂಗ.
ಬರೇ ಕೊಕ್ಕು ಬಡದು ತಾಳ ಹಾಕತಾವ."
ಎಂಟು ದಿನ ನಾ ಅವನ ಜೋಡಿ ಮಾತು ಬಿಟ್ಟೆ.

ಹೋದ ಕಾರ್ತೀಕದಾಗ ಉಸಿರು ಸಾಲಲಿಲ್ಲ,
ಕ್ಲಾರಿನೆಟ್ಟಿಗಿರಲಿ, ಮನಿಯ ಎರಡು ಮೆಟ್ಟಲಕ್ಕೂ.
ಖಬರಸ್ತಾನಕ್ಕ ಬ್ಯಾಂಡು ಒಯ್ಯೂದಿಲ್ಲ.
ಕೋಟು ಹಾಕದ ಹೋದೆವು ಹದಿಮೂರು ಮಂದಿ,
ಖಾಲಿ ಕೈ ಎಲ್ಲಿ ಇಡಬೇಕು ತಿಳಿಲಾರದ.

ಡೈರಿಯ ಕಡಿ ಹಾಳಿ. ಬಲಗಡಿ ಏನಿಲ್ಲ.
ಎಡಗಡಿ ತಾರೀಖು ಅದ, "ಹೆಬ್ಬಾತು" ಅಂತ ಅದ,
ಮುಂದ ಅಂಕಿ ಇಲ್ಲ.

ಇವತ್ತ ಮುಂಜಾನಿ ಹೋಗಿದ್ದೆ.
ಸೈಕಲ್ಲು ನಾನ ತುಳದೆ, ಹಿಂದ ಹಗುರಿತ್ತು.
ನಾಕಕ್ಕ ಒಂದು ಗೀಟು ಎಳಕೋತ ಎಣಿಸಿದೆ.
ಮೂವತ್ತೇಳಕ್ಕ ಬಂದಾಗ ಒಡ್ಡಿನ ಮ್ಯಾಲ ಯಾವನೋ
ಬೈಕಿನ ಹಾರ್ನ್ ಹೊಡದ.
ಎಲ್ಲಾ ಒಮ್ಮೆಲೇ ಎದ್ದವು,
ಕೆರಿಗೆ ಕೆರಿನೇ ಎದ್ದಂಗ.
ಮಾಮಾ ಇದ್ದಿದ್ದರ ಅವನ ಏಳು ತಲಿ ತೆಗದು ಬೈತಿದ್ದ.
ನಾ ಪೆನ್ಸಿಲ್ ನೆಕ್ಕಿ ಅವನ ಹಾಳಿಗೇ ಬರದೆ:
ಮೂವತ್ತೇಳರ ಮ್ಯಾಲ.
ಕುಂಟೂದು ಕಾಣಲಿಲ್ಲ.
ನಾಳಿಗೆ ಮತ್ತ ನೋಡಬೇಕು.